ಮಗಳಿಗೊಂದು ಪತ್ರ: ಹೊಸ ಸ್ವಿಚ್ ತರಿಸೋ ಮುಂಚೆ

ಹಾಸನ

ಪ್ರೀತಿಯ ಕಂದ,

ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಲಾರಿ ತೂಗೋ ವೇಬ್ರಿಡ್ಜ್ ಕಂಪ್ಯೂಟರ್‌ಗೆ ನೆಟ್‌ವರ್ಕ್ ಬಂದು ಬಂದು ಹೋಗುತ್ತೆ, ಹೊಸ ಸ್ವಿಚ್ (ಕಂಪ್ಯೂಟರ್ ವೈರುಗಳೆಲ್ಲ ಬಂದು ಸೇರೋ ಪೆಟ್ಟಿಗೆ) ತರಿಸಲಾ ಅಂತ ಕೇಳಿದ್ದೀಯ. ಈಗಲೇ ಬೇಡ. ಅಲ್ಲಿರೋದು ಸಿಸ್ಕೊ ಕ್ಯಾಟಲಿಸ್ಟ್ ತಾನೇ? ತೊಂದರೆ ಎಲ್ಲಿದೆ ಅಂತ ಅದೇ ಬಹುಮಟ್ಟಿಗೆ ಹೇಳುತ್ತೆ. ಲ್ಯಾಪ್‌ಟಾಪ್‌ಗೆ ಸ್ವಿಚ್ಚಿನ ಕನ್ಸೋಲ್ ಕೇಬಲ್ ಹಾಕು, ಆದೇಶ ಟೈಪ್ ಮಾಡೋ ಟರ್ಮಿನಲ್‌ನಲ್ಲಿ ವೇಗ 9600 ಇಡು, 'ಎನೇಬಲ್' ಕೊಟ್ಟು ಒಳಗೆ ಹೋಗು.

ಮೊದಲು ಈ ಆದೇಶ ಕೊಡು: 'ಶೋ ಇಂಟರ್‌ಫೇಸಸ್ ಸ್ಟೇಟಸ್'. ವೇಬ್ರಿಡ್ಜ್ ವೈರ್ ಚುಚ್ಚಿರೋ ಪೋರ್ಟ್ 'ಡಿಸೇಬಲ್ಡ್' ಅಂತಿದ್ದರೆ ಯಾರೋ ಬೇಕಂತಲೇ ಶಟ್‌ಡೌನ್ ಮಾಡಿದ್ದಾರೆ. 'ಎರ್-ಡಿಸೇಬಲ್ಡ್' ಅಂತಿದ್ದರೆ ಸ್ವಿಚ್ಚೇ ಮುಚ್ಚಿದೆ, ಕಾರಣ 'ಶೋ ಇಂಟರ್‌ಫೇಸಸ್ ಸ್ಟೇಟಸ್ ಎರ್-ಡಿಸೇಬಲ್ಡ್'ನಲ್ಲಿ ಸಿಗುತ್ತೆ. ಬಿಪಿಡಿಯು ಗಾರ್ಡ್ (ಇನ್ನೊಂದು ಸ್ವಿಚ್ಚಿನ ಅಥವಾ ಸುತ್ತಿಬಂದ ವೈರಿನ ಸುಳಿವು ಸಿಕ್ಕರೆ ಪೋರ್ಟ್ ಮುಚ್ಚೋ ಕಾವಲು) ಅಂತ ಕಂಡರೆ ಮೇಜಿನ ಕೆಳಗೆ ಯಾರೋ ಚಿಕ್ಕ ಸ್ವಿಚ್ ಇಟ್ಟು ಒಂದೇ ವೈರಿನ ಎರಡೂ ತುದಿ ಅದಕ್ಕೇ ಚುಚ್ಚಿರಬಹುದು. ಅದನ್ನ ಕಿತ್ತ ಮೇಲೆ 'ಶಟ್‌ಡೌನ್', 'ನೋ ಶಟ್‌ಡೌನ್' ಕೊಡು. ಕೀಳದೆ ಕೊಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತೆ.

'ಕನೆಕ್ಟೆಡ್' ಅಂತ ಕಂಡಕೂಡಲೇ ಸಮಾಧಾನಪಟ್ಟುಕೋಬೇಡ, ವೇಗದ ಕಾಲಂ ನೋಡು. ಎರಡೂ ಕಡೆ ಗಿಗಾಬಿಟ್ (ಸಾವಿರ ಮೆಗಾಬಿಟ್) ಇದ್ದೂ 'ಎ-100', ಅಂದರೆ ತಾನಾಗಿ ಹೊಂದಿಕೊಂಡ ನೂರು ಮೆಗಾಬಿಟ್, ಬರ್ತಿದ್ದರೆ ಒಂದು ಜೊತೆ ವೈರ್ ಕೆಟ್ಟಿರೋ ಸಾಧ್ಯತೆ ಹೆಚ್ಚು. ನೂರಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು, ಗಿಗಾಬಿಟ್‌ಗೆ ನೀಲಿ, ಕಂದು ಸೇರಿ ನಾಲ್ಕೂ ಬೇಕು. ಡ್ಯೂಪ್ಲೆಕ್ಸ್ ಕಾಲಂನಲ್ಲಿ 'ಎ-ಹಾಫ್' (ಒಂದು ಸಲಕ್ಕೆ ಒಂದೇ ಕಡೆಯ ಮಾತು) ಕಂಡರೆ ಆಚೆ ಕಡೆಯವರು ಬಹುಶಃ ಫುಲ್ ಡ್ಯೂಪ್ಲೆಕ್ಸ್ (ಎರಡೂ ಕಡೆ ಒಟ್ಟಿಗೆ) ಅಂತ ಕೈಯಾರೆ ಕಟ್ಟಿಹಾಕಿರ್ತಾರೆ. ಆಗ ಹಾಫ್ ಇರೋ ಕಡೆ ಲೇಟ್ ಕೊಲಿಷನ್ (ತಡವಾದ ಡಿಕ್ಕಿ), ಫುಲ್ ಇರೋ ಕಡೆ ಸಿಆರ್‌ಸಿ ಎರರ್ (ಕೆಟ್ಟು ಬಂದ ಡೇಟಾ) ಏರ್ತಾ ಹೋಗುತ್ತೆ. ಎರಡೂ ಕಡೆ ಆಟೋ ಇಡು, ಮುಗೀತು.

ಇನ್ನು ಎರರ್ ಲೆಕ್ಕ. ಅಲ್ಲಿರೋ ಸಂಖ್ಯೆ ಎಂದಿನಿಂದ ಕೂಡಿದ್ದೋ ಯಾರಿಗೆ ಗೊತ್ತು? 'ಕ್ಲಿಯರ್ ಕೌಂಟರ್ಸ್' ಕೊಟ್ಟು, ಅರ್ಧ ಗಂಟೆ ಬಿಟ್ಟು 'ಶೋ ಇಂಟರ್‌ಫೇಸಸ್ ಕೌಂಟರ್ಸ್ ಎರರ್ಸ್' ನೋಡು. ಎಫ್‌ಸಿಎಸ್ ಎರರ್ (ಇದೂ ಕೆಟ್ಟು ಬಂದ ಡೇಟಾದ ಲೆಕ್ಕವೇ) ಏರ್ತಿದ್ದರೆ ಮೊದಲ ಅನುಮಾನ ವೈರ್ ಮತ್ತು ಪ್ಲಗ್ ಮೇಲೆ. ಹಲ್ಲರ್ (ಕಾಫಿ ಸಿಪ್ಪೆ ಬಿಡಿಸೋ ಯಂತ್ರ) ಮೋಟಾರ್ ಓಡುವಾಗ ಒಂದು ಸಲ, ನಿಂತಾಗ ಒಂದು ಸಲ ಹೋಲಿಸಿ ನೋಡು. ಮೋಟಾರ್ ಓಡುವಾಗ ಮಾತ್ರ ಏರಿದರೆ ನೆಟ್‌ವರ್ಕ್ ವೈರನ್ನ ಪವರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಎಳೆದಿದ್ದಾರಾ ಅಂತ ವಿಚಾರಿಸು. 'ಶೋ ಲಾಗಿಂಗ್'ನಲ್ಲಿ ಲಿಂಕ್ ಬಿದ್ದ, ಎದ್ದ ಹೊತ್ತೂ ಇರುತ್ತೆ, ಸ್ವಿಚ್ಚಿನ ಗಡಿಯಾರ ಸರಿ ಇದ್ದರೆ.

ನನಗೆ ಇಷ್ಟವಾದದ್ದು ಟಿಡಿಆರ್ ಅನ್ನೋ ವೈರ್ ಪರೀಕ್ಷೆ. ಸ್ವಿಚ್ ವೈರಿಗೆ ಒಂದು ಪಲ್ಸ್ ಬಿಡುತ್ತೆ. ವೈರ್ ತುಂಡಾದಲ್ಲಿ, ಒಂದಕ್ಕೊಂದು ತಾಗಿದಲ್ಲಿ ಅದು ವಾಪಸ್ ಬರುತ್ತೆ. ಬರೋಕೆ ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತೆ. 'ಟೆಸ್ಟ್ ಕೇಬಲ್-ಡಯಾಗ್ನಾಸ್ಟಿಕ್ಸ್ ಟಿಡಿಆರ್ ಇಂಟರ್‌ಫೇಸ್' ಅಂತ ಬರೆದು ಪೋರ್ಟ್ ಸಂಖ್ಯೆ ಕೊಡು. ಕೆಲವು ಸೆಕೆಂಡ್ ಕಾದು, 'ಟೆಸ್ಟ್' ಬದಲು 'ಶೋ' ಹಾಕಿ ಅದೇ ಸಾಲು ಮತ್ತೆ ಕೊಡು. ತಾಮ್ರದ ಗಿಗಾಬಿಟ್ ಪೋರ್ಟ್‌ನಲ್ಲಿ ಮಾತ್ರ ನಡೆಯುತ್ತೆ, ಫೈಬರ್‌ಗೆ ಇಲ್ಲ. ಪರೀಕ್ಷೆ ನಡೆಯುವಾಗ ಲಿಂಕ್ ಬೀಳಬಹುದು, ಅದಕ್ಕೇ ಲಾರಿ ತೂಕದ ಹೊತ್ತಲ್ಲಿ ಮಾಡಬೇಡ.

ಫಲಿತಾಂಶ ಓದೋದು ಹೀಗೆ. ಮೂರು ಜೋಡಿ 'ನಾರ್ಮಲ್', ಒಂದು ಜೋಡಿ 'ಓಪನ್' (ಸಂಪರ್ಕ ಇಲ್ಲ), ಅದರ ದೂರ ವೈರಿನ ಪೂರ್ತಿ ಉದ್ದಕ್ಕೆ ಹೆಚ್ಚು ಕಡಿಮೆ ಸಮ ಅಂದರೆ ಆಚೆ ತುದಿಯ ಪ್ಲಗ್ ಅಥವಾ ಸಾಕೆಟ್ ಸರಿ ಕೂತಿಲ್ಲ. ತುದಿ ಕತ್ತರಿಸಿ ಬೇರೆ ಪ್ಲಗ್ ಕ್ರಿಂಪ್ ಮಾಡಿಸು. ನಲವತ್ತು ಮೀಟರ್ ವೈರಿನಲ್ಲಿ ನಾಲ್ಕೂ ಜೋಡಿ ಹನ್ನೆರಡು ಮೀಟರ್‌ಗೆ 'ಓಪನ್' ಅಂದರೆ ಅಲ್ಲೇ ತುಂಡಾಗಿದೆ, ಗೋದಾಮಿನ ಸೂರಿನಲ್ಲಾದರೆ ಇಲಿ ಅಂದುಕೊಂಡೇ ಹುಡುಕು. ನಾಲ್ಕೂ ಜೋಡಿ ಪೂರ್ತಿ ಉದ್ದಕ್ಕೆ 'ಓಪನ್' ಅಂದರೆ ಆಚೆ ತುದಿಯನ್ನ ಯಾವುದಕ್ಕೂ ಚುಚ್ಚೇ ಇಲ್ಲ ಅಂತ, ಗೋಡೆ ಒಡೆಸಬೇಡ ಮತ್ತೆ! ಲೆಕ್ಕ ಕೆಲವು ಮೀಟರ್ ಆಚೀಚೆ ಆಗುತ್ತೆ, ರ‍್ಯಾಕ್ ಹಿಂದೆ ಸುತ್ತಿಟ್ಟ ವೈರೂ ಅದರಲ್ಲಿ ಸೇರಿರುತ್ತೆ.

ವೈರ್ ಸರಿ ಇದ್ದರೆ 'ಶೋ ಮ್ಯಾಕ್ ಅಡ್ರೆಸ್-ಟೇಬಲ್ ಇಂಟರ್‌ಫೇಸ್'. ಕಂಪ್ಯೂಟರಿನ ಮ್ಯಾಕ್ (ಅದರ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಕಂಡಿತು ಅಂದರೆ ಅದು ಕಳಿಸಿದ್ದು ಸ್ವಿಚ್‌ವರೆಗೆ ಬಂದಿದೆ. ವಿಎಲ್ಯಾನ್ (ಸ್ವಿಚ್ಚಿನೊಳಗೆ ಬೇರೆ ಮಾಡಿದ ಗುಂಪು) ಸಂಖ್ಯೆ ಸರಿಯಾ ನೋಡು. ಆಮೇಲೆ ಪಿಂಗ್, ಅಂದರೆ ಕಂಪ್ಯೂಟರಿಗೆ ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತಾ ನೋಡೋದು. ಐದರಲ್ಲಿ ಮೊದಲನೆಯದಕ್ಕೆ ಚುಕ್ಕಿ (ಉತ್ತರ ಇಲ್ಲ), ಉಳಿದ ನಾಲ್ಕಕ್ಕೆ ಆಶ್ಚರ್ಯಸೂಚಕ (ಉತ್ತರ ಬಂತು) ಬಂದರೆ ಗಾಬರಿ ಬೇಡ, ಮೊದಲನೇ ಸಲ ಎಆರ್‌ಪಿ ಮೂಲಕ ಮ್ಯಾಕ್ ವಿಳಾಸ ಹುಡುಕೋದರಲ್ಲಿ ಆ ಒಂದು ಹೋಗಿರುತ್ತೆ. 'ರಿಪೀಟ್ 500 ಸೈಜ್ 1500' ಸೇರಿಸಿ ಮತ್ತೆ ಕೊಡು, ಸಣ್ಣ ಪ್ಯಾಕೆಟ್‌ಗೆ ಕಾಣದ ತೊಂದರೆ ದೊಡ್ಡದಕ್ಕೆ ಕಾಣುತ್ತೆ. ಒಂದೂ ಬರದಿದ್ದರೆ ವಿಂಡೋಸ್ ಫೈರ್‌ವಾಲ್ ತಡೀತಿದೆಯಾ ಅಂತ ಮೊದಲು ನೋಡು.

ವೇಬ್ರಿಡ್ಜ್ ಗೇಟಿನ ಹತ್ತಿರ ಅಂದೆಯಲ್ಲ, ದೂರ ಅಳೆಸು. ತಾಮ್ರದ ವೈರಿಗೆ ತುದಿಗಳ ಪ್ಯಾಚ್ ಕಾರ್ಡ್ (ಚಿಕ್ಕ ವೈರ್) ಸೇರಿ 100 ಮೀಟರ್ ಮಿತಿ. ಅದರೊಳಗೇ ಇದ್ದರೂ ಬಯಲಲ್ಲಿ ಎಳೆದ ತಾಮ್ರ ಚಿಕ್ಕಮಗಳೂರಿನ ಏಪ್ರಿಲ್, ಮೇ ಗುಡುಗು ಸಿಡಿಲಿಗೆ ಪೋರ್ಟ್ ಸುಡಿಸುತ್ತೆ. ಆ ಒಂದು ಎಳೆಗೆ ಫೈಬರ್ ಹಾಕ್ಸಿ ಅಂತ ಮ್ಯಾನೇಜರಿಗೆ ಹೇಳು, ಸ್ವಿಚ್ಚಿನ ದುಡ್ಡು ಅದಕ್ಕೆ ಆಗಲಿ.

ಸರಿಯಾದ ಮೇಲೆ ಪೋರ್ಟ್‌ಗೆ 'ಡಿಸ್ಕ್ರಿಪ್ಷನ್ ವೇಬ್ರಿಡ್ಜ್' ಅಂತ ಹೆಸರು ಕೊಟ್ಟು 'ರೈಟ್ ಮೆಮೊರಿ' ಹೊಡೆದೇ ಏಳು. ಇಲ್ಲದಿದ್ದರೆ ಮುಂದಿನ ಸಲ ಕರೆಂಟ್ ಹೋಗಿ ಸ್ವಿಚ್ ಆಫ್ ಆದಾಗ ನೀನು ಮಾಡಿದ್ದೆಲ್ಲ ಅಳಿಸಿಹೋಗುತ್ತೆ.

ಇಂತಿ,
ಅಮ್ಮ