ಮೊದಲು ಬಣ್ಣದ ಬಾಮ್, ಲಿಪ್‌ಸ್ಟಿಕ್ ಆಮೇಲೆ

ಸೋಮವಾರಪೇಟೆ

ಚಿ. ಪುಟ್ಟಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಕಾಫಿ ಕೊಯ್ಲು ನಡೀತಾ ಇದೆ, ಆಳು ಸಿಗುವುದಿಲ್ಲ ಅನ್ನುವ ನಿನ್ನ ಮಾವನ ಗೊಣಗಾಟವೂ ನಡೀತಾ ಇದೆ. ನೀನು ಶುರು ಮಾಡಬೇಕೆಂದಿರುವ ತುಟಿಬಣ್ಣದ ವ್ಯಾಪಾರಕ್ಕೆಂದು ಕಳಿಸಿದ ಪಟ್ಟಿ ನೋಡಿದೆ. ಹನ್ನೆರಡು ಶೇಡಿನ ಮ್ಯಾಟ್ ಲಿಕ್ವಿಡ್ ಲಿಪ್‌ಸ್ಟಿಕ್, ಅಂದರೆ ಹೊಳಪಿಲ್ಲದೆ ಆರುವ ದ್ರವದ ಲಿಪ್‌ಸ್ಟಿಕ್, ಒಂದೊಂದಕ್ಕೂ ಕೊಡಗಿನ ಒಂದೊಂದು ಊರಿನ ಹೆಸರು. ಹೆಸರುಗಳು ಚೆನ್ನಾಗಿವೆ, ಭಾಗಮಂಡಲ ಅಂತ ಲಿಪ್‌ಸ್ಟಿಕ್‌ಗೆ ಇಡುವುದೊಂದು ಬಿಟ್ಟು. ಆದರೆ ಮೊದಲನೇ ಮಾಲಾಗಿ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಸಿಟ್ಟು ಮಾಡಿಕೊಳ್ಳದೆ ಪೂರ್ತಿ ಓದು.

ನನ್ನ ಹಾಗೆ ಫ್ಯಾನ್ಸಿ ಸ್ಟೋರಿನ ಕೌಂಟರಿನಲ್ಲಿ ಕೂತವಳಿಗೆ ಶೇಡ್ ಕಾರ್ಡಿನ ಚಂದಕ್ಕಿಂತ ಉಳಿದ ಡಬ್ಬಿಗಳು ಹೆಚ್ಚು ಕಾಣುತ್ತವೆ. ಯಾವ ಕಂಪನಿ ಎಷ್ಟು ಶೇಡ್ ತಂದರೂ ನಮ್ಮಲ್ಲಿ ಓಡುವುದು ಮರೂನ್, ಇಟ್ಟಿಗೆ ಕೆಂಪು, ಕಂದು ಬೆರೆತ ಗುಲಾಬಿ. ಉಳಿದವು ಎಕ್ಸ್‌ಪೈರಿ ಹತ್ತಿರ ಬರುವ ತನಕ ಧೂಳು ತಿನ್ನುತ್ತವೆ. ದೊಡ್ಡ ಕಂಪನಿಯಾದರೆ ರಿಟರ್ನ್ ತಗೊಂಡು ಸುಮ್ಮನಾಗುತ್ತದೆ. ನಿನಗೆ ಹಾಗಲ್ಲ. ಮಾಲು ಮಾಡಿಕೊಡುವ ಕಾರ್ಖಾನೆಯವರು ಪ್ರತಿ ಶೇಡಿಗೂ ಕನಿಷ್ಠ ಇಷ್ಟು ಅಂತ ಆರ್ಡರ್ ಕೇಳುತ್ತಾರೆ. ಹಾಗಾಗಿ ಓಡದ ಎಂಟೊಂಬತ್ತು ಶೇಡಿನಲ್ಲಿ ನಿನ್ನ ದುಡ್ಡೆಲ್ಲ ಸಿಕ್ಕಿಹಾಕಿಕೊಳ್ಳುತ್ತದೆ. ಓಡುವ ಬಣ್ಣವನ್ನು ಎರಡನೇ ಸಲ ತರಿಸಲು ಕೈಯಲ್ಲಿ ಕಾಸಿರುವುದಿಲ್ಲ.

ಲಿಕ್ವಿಡ್ ಮ್ಯಾಟ್ ಕಷ್ಟದ ಮಾಲು ಕೂಡ. ಅದರೊಳಗೆ ಬೇಗ ಆರಿಹೋಗುವ ದ್ರಾವಕ ಇರುತ್ತದೆ, ತುಟಿ ಮೇಲೆ ಪದರದ ಹಾಗೆ ಕೂರುವ ವಸ್ತು ಇರುತ್ತದೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಮಾರುವ ಮೊದಲೇ ಗಟ್ಟಿಯಾಗುತ್ತದೆ. ಹಚ್ಚಿಕೊಂಡವರ ತುಟಿ ಒಣಗುತ್ತದೆ. ನಮ್ಮ ಡಿಸೆಂಬರ್, ಜನವರಿ ಚಳಿಯಲ್ಲಿ ಮೊದಲೇ ಒಡೆದ ತುಟಿಗೆ ಅದನ್ನು ಹಚ್ಚಿದವಳು ಮತ್ತೆ ನಿನ್ನ ಹೆಸರು ಹೇಳಿ ಕೇಳುವುದಿಲ್ಲ. ತುಟಿಗೆ ಹೊಳಪು ಕೊಡುವ ಲಿಪ್ ಗ್ಲಾಸ್ ಇನ್ನೊಂದು ಅಂಟಂಟು, ಬೈಕಿನಲ್ಲಿ ಹೋಗುವ ಹುಡುಗಿಯರ ಕೂದಲೆಲ್ಲ ಬಾಯಿಗೆ ಮೆತ್ತಿಕೊಳ್ಳುತ್ತದೆ.

ತಿರುಗಿಸಿ ಮೇಲೆತ್ತುವ ಕಡ್ಡಿಯಲ್ಲಿ ಬಣ್ಣದ ಲಿಪ್ ಬಾಮ್ ಮಾಡು. ಎರಡೇ ಬಣ್ಣ. ತುಟಿಗೆ ಬೆವರು ಗ್ರಂಥಿ ಇಲ್ಲ, ಚರ್ಮ ತೆಳು, ಅದಕ್ಕೇ ಬೇಗ ಒಣಗುವುದು. ಬಾಮನ್ನು ದಿನಕ್ಕೆ ನಾಲ್ಕು ಸಲ ಹಚ್ಚುತ್ತಾರೆ, ಮುಗಿದರೆ ಮತ್ತೆ ಬರುತ್ತಾರೆ. ಲಿಪ್‌ಸ್ಟಿಕ್ ಮದುವೆಗೆ ಒಂದು ಕೊಂಡರೆ ಮುಂದಿನ ಮದುವೆ ತನಕ ಸಾಕು.

ಮೇಣ, ಎಣ್ಣೆ, ಬೆಣ್ಣೆಯಂಥ ಕೊಬ್ಬು ಇಷ್ಟರಲ್ಲೇ ಬಾಮ್ ಆಗುತ್ತದೆ. ನೀರಿಲ್ಲದ ಕಾರಣ ಬೂಷ್ಟಿನ ಕಾಟ ಕಡಿಮೆ. ಡಬ್ಬಿಯಲ್ಲಿ ಹಾಕಿದರೆ ಒದ್ದೆ ಬೆರಳು ಅದ್ದುತ್ತಾರೆ, ಅದಕ್ಕೇ ಕಡ್ಡಿ ಅಂದೆ. ವಿಟಮಿನ್ ಇ ಹಾಕಿದ್ದೇನೆ, ಕೆಡುವುದಿಲ್ಲ ಅಂತ ಬರೆದಿದ್ದೀಯ. ಅದು ಎಣ್ಣೆ ಕಮಟು ಹಿಡಿಯುವುದನ್ನು ತಡ ಮಾಡುತ್ತದೆ ಅಷ್ಟೇ, ಕ್ರಿಮಿಯನ್ನು ಕೊಲ್ಲುವುದಿಲ್ಲ.

ಇನ್ನು ನಿನ್ನ ಕೂರ್ಗ್ ಜೇನಿನ ಆಸೆ. ಜೇನುತುಪ್ಪ ಎಣ್ಣೆಯಲ್ಲಿ ಬೆರೆಯುವುದಿಲ್ಲ ಮಗಳೇ, ನೀರಿನ ಜಾತಿ ಅದು. ಬಲವಂತದಿಂದ ಕಲಸಿದರೆ ಕೆಲವು ದಿನಕ್ಕೆ ಬೇರೆಯಾಗಿ ಹನಿಯೊಡೆಯುತ್ತದೆ, ಇರುವೆಗಳಿಗೆ ಹಬ್ಬ. ನಿನಗೆ ಬೇಕಾದದ್ದು ಜೇನುಮೇಣ. ಸುಮಾರು 62ರಿಂದ 65 ಡಿಗ್ರಿಯಲ್ಲಿ ಕರಗುತ್ತದೆ, ಕಡ್ಡಿಗೆ ಬೆನ್ನುಮೂಳೆಯೇ ಅದು. ವಿರಾಜಪೇಟೆ ಕಡೆ ವಿಚಾರಿಸು. ಆದರೆ ಹಸಿ ಮೇಣದಲ್ಲಿ ಕಸ, ವಾಸನೆ, ಬಣ್ಣ ಒಂದೊಂದು ಸಲ ಒಂದೊಂದು ಥರ. ಶುದ್ಧ ಮಾಡಿದ್ದನ್ನೇ ತಗೋ. ಪ್ರಾಣಿಜನ್ಯ ಬೇಡ ಅನ್ನುವವರಿಗೆ ಗಿಡದಿಂದ ಬರುವ ಕ್ಯಾಂಡೆಲಿಲ್ಲಾ ಮೇಣ ಇದೆ, ಅದು ಇನ್ನೂ ಗಟ್ಟಿ, ಕಡಿಮೆ ಸಾಕು. ಹಾಗೆ ಮಾಡುವುದಾದರೆ ಕಾರ್ಮೈನ್ ಅನ್ನುವ ಕೆಂಪನ್ನೂ ಬಿಡಬೇಕು, ಅದು ಹುಳದಿಂದ ಬರುವ ಬಣ್ಣ.

ತಲೆ ಕೆಡಿಸಿಕೊಳ್ಳಬೇಕಾದದ್ದು ಸೆಕೆಯ ಬಗ್ಗೆ. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಮಡಿಕೇರಿಯಲ್ಲಿ ಚಳಿಗಾಲದ ಬೆಳಿಗ್ಗೆ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಎಣ್ಣೆ ಬಗ್ಗಿಸುತ್ತೇವೆ, ಅದೇ ದಿನ ಸಂಪಾಜೆ ಘಾಟಿ ಇಳಿದು ಪುತ್ತೂರು ಮುಟ್ಟುವಷ್ಟರಲ್ಲಿ ಅದು ನೀರು. ಇಲ್ಲಿ ಹದವಾಗಿರುವ ಬಾಮ್ ಏಪ್ರಿಲ್‌ನಲ್ಲಿ ಕಲಬುರಗಿಯ ಕೊರಿಯರ್ ಗಾಡಿಯೊಳಗೆ ಪಾಯಸ ಆಗುತ್ತದೆ. ಅಲ್ಲಿಗೆಂದು ಮೇಣ ಹೆಚ್ಚಿಸಿದರೆ ಇಲ್ಲಿಯ ಚಳಿಗೆ ಕಲ್ಲಾಗಿ ತುಟಿ ಕೆರೆಯುತ್ತದೆ. ಕೋಕೋ ಬೆಣ್ಣೆಯೂ ಮೈಬಿಸಿಗೇ ಕರಗುವಂಥದ್ದು. ಶಿಯಾ ಬೆಣ್ಣೆ ಅನ್ನುವ ಬೀಜದ ಕೊಬ್ಬು ನಿಧಾನ ತಣಿದರೆ ರವೆ ಕಟ್ಟುತ್ತದೆ. ಆದ್ದರಿಂದ ಫಾರ್ಮುಲಾ ಮಾಡುವವರಿಗೆ 45 ಡಿಗ್ರಿಯಲ್ಲಿ ವಾರಗಟ್ಟಲೆ ಇಟ್ಟು ತೋರಿಸಿ ಅನ್ನು. ಫ್ರಿಜ್ಜಿಗೂ ಬಿಸಿಗೂ ಸರದಿ ಮೇಲೆ ಇಟ್ಟು ನೋಡಲಿ. ಕಡ್ಡಿಯ ಮೈಮೇಲೆ ಎಣ್ಣೆ ಬೆವರಿದರೆ ಆ ಸ್ಯಾಂಪಲ್ ಬೇಡ. ಇದಕ್ಕೆ ಮೂರು ತಿಂಗಳು ಹೋದರೂ ಹೋಗಲಿ.

ಬಣ್ಣದ ವಿಷಯ. ನಮ್ಮವರ ತುಟಿ ತಾನೇ ಕಂದು. ಬಿಳಿ ತುಟಿಗೆಂದು ಮಾಡಿದ ತಿಳಿಗುಲಾಬಿ ಇಲ್ಲಿ ಕಾಣುವುದೇ ಇಲ್ಲ, ಕಾಣಲಿ ಅಂತ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ಜಾಸ್ತಿ ಸುರಿದರೆ ಬೂದಿ ಬಳಿದ ಹಾಗೆ ಇರುತ್ತದೆ. ಒಂದು ಇಟ್ಟಿಗೆ ಬಣ್ಣ, ಒಂದು ಹಣ್ಣಾದ ಕಾಫಿಯ ಕೆಂಪು ಸಾಕು. ಹರಳೆಣ್ಣೆ ಬಣ್ಣದ ಪುಡಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಅದು ಪಟ್ಟಿಯಲ್ಲಿ ಇರಲಿ. ಅಂಗಡಿಯ ಟ್ಯೂಬ್‌ಲೈಟಿನಲ್ಲೂ ತೋಟದ ಬಿಸಿಲಿನಲ್ಲೂ, ನಾನಾ ಮೈಬಣ್ಣದವರ ತುಟಿಗೆ ಹಚ್ಚಿ ನೋಡು. ಮುಂಗೈಗೆ ಗೆರೆ ಎಳೆದು ಫೋಟೋ ಹಾಕುವುದರಿಂದ ಏನೂ ತಿಳಿಯುವುದಿಲ್ಲ.

ತುಟಿಗೆ ಹಚ್ಚಿದ್ದು ಹೊಟ್ಟೆಗೂ ಹೋಗುತ್ತದೆ. ಸೀಸ, ಆರ್ಸೆನಿಕ್ ಪರೀಕ್ಷೆಯ ವರದಿ ಇಲ್ಲದ ಬಣ್ಣ ಮುಟ್ಟಬೇಡ. ಕಿತ್ತಳೆ ಎಣ್ಣೆ ಹಳತಾದರೆ ಚರ್ಮಕ್ಕೆ ಅಲರ್ಜಿ ತರಬಹುದು, ಚಕ್ಕೆ ಎಣ್ಣೆ ಉರಿ. ಪುದೀನ ಸತ್ವವೂ ಒಡೆದ ತುಟಿಗೆ ಚುರುಕು. ಪರಿಮಳವೇ ಇಲ್ಲದಿದ್ದರೆ ನನಗಂತೂ ಬೇಸರವಿಲ್ಲ. ತುಟಿ ಉಜ್ಜಲು ಕಾಫಿ ಪುಡಿಯ ಸ್ಕ್ರಬ್ ಅನ್ನುವ ಯೋಚನೆಯನ್ನು ಸದ್ಯಕ್ಕೆ ಮರೆ.

ಅಡುಗೆಮನೆಯಲ್ಲಿ ಕಾಸಿ ಮಾರುವ ಯೋಚನೆ ನಿನ್ನ ಅಮ್ಮನದ್ದಂತೆ. ಬೇಡ ಅಂತ ಹೇಳು. ಮಾರಲು ಮಾಡಬೇಕಾದರೆ ಕಾಸ್ಮೆಟಿಕ್ಸ್ ನಿಯಮಗಳು 2020ರ ಪ್ರಕಾರ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ಕಾರ್ಖಾನೆಯಲ್ಲಿ ಮಾಡಿಸು. ಲೇಬಲ್ ಮೇಲೆ ಅವರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್, ಬಳಸಬೇಕಾದ ಅವಧಿ, ಒಳಗಿರುವ ವಸ್ತುಗಳು ಇರಲಿ. ಕಪ್ಪು ತುಟಿ ಕೆಂಪಾಗುತ್ತದೆ ಅಂತ ಮಾತ್ರ ಬರೆಯಬೇಡ.

ಮಡಿಕೇರಿಯಲ್ಲಿ ಚಾಕೊಲೇಟ್, ಮಸಾಲೆ ಮಾರುವ ಅಂಗಡಿಗಳಲ್ಲಿ ಇಡೋಣ ಅಂದಿದ್ದೀಯ. ಇಡು, ಬೇಡ ಅನ್ನುವುದಿಲ್ಲ. ಪ್ರವಾಸಿಗರು ಒಂದು ಸಲ ಕೊಂಡು ಹೋಗುತ್ತಾರೆ. ಸೋಮವಾರಪೇಟೆ ಬಸ್‌ಸ್ಟ್ಯಾಂಡಿನ ಕಾಲೇಜು ಹುಡುಗಿ ಎರಡನೇ ಸಲ ಕೇಳಿದಳೋ ಇಲ್ಲವೋ, ನಾನು ಲೆಕ್ಕ ಹಾಕುವುದು ಅದನ್ನು. ಅವಳ ಪರ್ಸಿಗೆ ತಕ್ಕ ಬೆಲೆ ಇಡು.

ಸ್ಯಾಂಪಲ್ ಬಂದ ಕೂಡಲೇ ನಾಲ್ಕು ಕಳಿಸು. ಎರಡನ್ನು ಮಧ್ಯಾಹ್ನ ಬಿಸಿಲು ಬೀಳುವ ಶೋಕೇಸಿನಲ್ಲಿಡುತ್ತೇನೆ, ಎರಡನ್ನು ಪುತ್ತೂರಿನ ನಿನ್ನ ಚಿಕ್ಕಮ್ಮನಿಗೆ ಕಳಿಸುತ್ತೇನೆ. ಖಾಲಿ ಟ್ಯೂಬುಗಳನ್ನೂ ಜೊತೆಗೆ ಹಾಕು, ಬ್ಯಾಗಿನೊಳಗೆ ಮುಚ್ಚಳ ತಾನಾಗಿ ಕಳಚುತ್ತದೋ ಅಂತ ನೋಡಬೇಕು.

ನಿನ್ನ ಅತ್ತೆ