ಓದು ಅರ್ಧಕ್ಕೆ ನಿಲ್ಲದಿರಲಿ: ಪ್ರೌಢಶಿಕ್ಷಣ ನಿಧಿಗಾಗಿ ದೇಣಿಗೆ ಮನವಿ

ಮಾನ್ಯ ದಾನಿಗಳೇ,

ಕಡಿಮೆ ಆದಾಯದ ದೇಶಗಳಲ್ಲಿ ಪ್ರಾಥಮಿಕ ಶಿಕ್ಷಣ ಇಂದು ಬಹುಮಟ್ಟಿಗೆ ಶುಲ್ಕರಹಿತವಾಗಿದೆ. ಬಡಮಕ್ಕಳ ಓದು ಮುಗ್ಗರಿಸುವುದು ಅದರ ಮುಂದಿನ ಹಂತದಲ್ಲಿ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಸೀಟೂ ದೊರೆತು, ಶುಲ್ಕ ಕಟ್ಟಲಾಗದ ಒಂದೇ ಕಾರಣಕ್ಕೆ ಮನೆಯಲ್ಲಿ ಉಳಿಯುವ ಹದಿಹರೆಯದವರಿಗಾಗಿ ನಮ್ಮ ಟ್ರಸ್ಟ್ ವಿದ್ಯಾರ್ಥಿವೇತನ ನಿಧಿಯೊಂದನ್ನು ನಡೆಸುತ್ತಿದ್ದು, ಅದಕ್ಕೆ ತಮ್ಮ ನೆರವನ್ನು ಕೋರುತ್ತಿದ್ದೇವೆ. ಆದರೆ ಹಣ ಕೇಳುವ ಮೊದಲು, ಆ ಹಣದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಇದಕ್ಕೆ ನಮಗೆ ದೊರೆತಿರುವ ಅತ್ಯಂತ ಗಟ್ಟಿಯಾದ ಆಧಾರ ಪಶ್ಚಿಮ ಆಫ್ರಿಕದ ಘಾನಾ ದೇಶದ್ದು. ಅಲ್ಲಿ 2008ರಲ್ಲಿ, ಹಿರಿಯ ಪ್ರೌಢಶಾಲೆಗೆ ಆಯ್ಕೆಯಾಗಿಯೂ ಹಣವಿಲ್ಲದೆ ಸೇರಲಾಗದಿದ್ದ 2,064 ಗ್ರಾಮೀಣ ವಿದ್ಯಾರ್ಥಿಗಳನ್ನು ಗುರುತಿಸಿ, ಅವರಲ್ಲಿ 682 ಮಂದಿಗೆ ಲಾಟರಿ ಎತ್ತಿ ವಿದ್ಯಾರ್ಥಿವೇತನ ನೀಡಲಾಯಿತು. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಕ್ರೆಮರ್, ಅವರೊಂದಿಗೆ ಪಾಸ್ಕಲೀನ್ ದ್ಯುಪಾ, ಈ ಎರಡೂ ಗುಂಪುಗಳನ್ನು ಹತ್ತಕ್ಕೂ ಹೆಚ್ಚು ವರ್ಷ ಬೆನ್ನುಹತ್ತಿ ನೋಡಿದರು. ಓದಿದವರ ಬಾಳು ಓದದವರ ಬಾಳಿಗಿಂತ ಹಸನಾಗಿದ್ದರೆ ಅದು ಓದಿನ ಫಲವೋ, ಅನುಕೂಲಸ್ಥ ಮನೆಯ ಫಲವೋ ಎಂಬ ಗೊಂದಲ ಸಾಮಾನ್ಯವಾಗಿ ಉಳಿದೇ ಉಳಿಯುತ್ತದೆ. ಇಲ್ಲಿ ಚೀಟಿ ಎತ್ತಿದ್ದರಿಂದ ಆ ಗೊಂದಲಕ್ಕೆ ಎಡೆಯಿರಲಿಲ್ಲ.

ಶುಲ್ಕವೆಂದರೆ ಬೋಧನಾ ಶುಲ್ಕ ಮಾತ್ರವೆಂದು ತಿಳಿಯಬಾರದು. ಘಾನಾದ ವಸತಿ ಶಾಲೆಗೆ ಸೇರುವ ಮಗುವಿನ ಕೈಗೆ ಶಾಲೆಯು ಒಂದು ಪಟ್ಟಿಯನ್ನು ಕೊಡುತ್ತದೆ: ಟ್ರಂಕು, ತಿನಿಸು ತುಂಬಿ ಬೀಗ ಹಾಕಿಡುವ ಮರದ ಪೆಟ್ಟಿಗೆ, ಹಾಸಿಗೆ, ಬಕೆಟ್, ಪೊರಕೆ, ಶಾಲೆಯ ಆವರಣದ ಹುಲ್ಲು ಸವರಲು ಒಂದು ಮಚ್ಚು. ಮಗಳನ್ನು ಶಾಲೆಗಲ್ಲ, ಹೊಸ ಸಂಸಾರ ಹೂಡಲು ಕಳುಹಿಸುತ್ತಿರುವಂತೆ ತೋರುವ ಈ ಪಟ್ಟಿಯನ್ನು ಕಂಡೇ ಎಷ್ಟೋ ತಂದೆ ತಾಯಂದಿರು ಮುಂದಿನ ವರ್ಷ ನೋಡೋಣವೆಂದು ಸುಮ್ಮನಾಗುತ್ತಾರೆ.

ಫಲಿತಾಂಶಕ್ಕೆ ಬರೋಣ. ನೆರವು ದೊರೆಯದವರಲ್ಲಿ ಶಾಲೆ ಮುಗಿಸಿದವರು ಅರ್ಧಕ್ಕಿಂತ ಕಡಿಮೆ; ದೊರೆತವರಲ್ಲಿ ಆ ಪ್ರಮಾಣ 26 ಶೇಕಡಾ ಅಂಶಗಳಷ್ಟು ಹೆಚ್ಚಿತ್ತು. ಅವರ ಓದು, ಲೆಕ್ಕದ ಸಾಮರ್ಥ್ಯ ಹೆಚ್ಚಿತು, ಆರೋಗ್ಯದ ವಿಷಯದಲ್ಲಿ ಮುನ್ನೆಚ್ಚರಿಕೆ ಬೆಳೆಯಿತು. 25ನೇ ವಯಸ್ಸಿನ ಹೊತ್ತಿಗೆ ಯುವತಿಯರು ಹೆತ್ತ ಮಕ್ಕಳ ಸಂಖ್ಯೆ ಐವರಿಗೆ ಒಂದು ಮಗುವಿನಷ್ಟು ಕಡಿಮೆಯಾಗಿತ್ತು. ಇನ್ನೂ ಮುಖ್ಯವಾದುದು ಮುಂದಿನ ತಲೆಮಾರಿನಲ್ಲಿ ಕಂಡಿತು: ವಿದ್ಯಾರ್ಥಿವೇತನ ಪಡೆದ ಯುವತಿಯರ ಮಕ್ಕಳಲ್ಲಿ ಎಳೆವಯಸ್ಸಿನ ಸಾವು ಇಳಿಯಿತು, ಬುದ್ಧಿಯ ಬೆಳವಣಿಗೆ ಚುರುಕಾಯಿತು, ವಿದ್ಯಾರ್ಥಿವೇತನ ಪಡೆದ ಯುವಕರ ಮಕ್ಕಳಲ್ಲಿ ಅಂತಹ ಲಾಭ ಕಾಣಲಿಲ್ಲ. ಅರ್ಹರಾದ ಹುಡುಗ ಹುಡುಗಿಯರಿಬ್ಬರೂ ಇದ್ದು ನಿಧಿಯಲ್ಲಿ ಒಬ್ಬರಿಗೆ ಮಾತ್ರ ಹಣವಿರುವಾಗ ನಾವು ಹುಡುಗಿಯನ್ನು ಆರಿಸುವುದು ಈ ಕಾರಣಕ್ಕಾಗಿ.

ಇನ್ನು ಸಂಪಾದನೆ. ದಾನಿಗಳು ಮೊದಲು ಕೇಳುವುದು ಇದನ್ನೇ, ಮನವಿಪತ್ರಗಳು ಹೆಚ್ಚಾಗಿ ಉಬ್ಬಿಸಿ ಹೇಳುವುದೂ ಇದನ್ನೇ. ಇಡೀ ಗುಂಪನ್ನು ಒಟ್ಟಾಗಿ ತೆಗೆದುಕೊಂಡರೆ, ಇಪ್ಪತ್ತೈದರ ಆಸುಪಾಸಿನಲ್ಲಿ ವಿದ್ಯಾರ್ಥಿವೇತನ ಪಡೆದವರ ಗಳಿಕೆ ಉಳಿದವರಿಗಿಂತ ಸ್ಪಷ್ಟವಾಗಿ ಹೆಚ್ಚಿರಲಿಲ್ಲ. ಕೆಲವರು ಆಗಿನ್ನೂ ಉನ್ನತ ಶಿಕ್ಷಣದಲ್ಲಿದ್ದರು. ಪ್ರಮಾಣಪತ್ರಕ್ಕೆ ಬೆಲೆ ಕೊಡುವ ಸಂಬಳದ ಕೆಲಸಗಳು ಅಂತಹ ದೇಶಗಳಲ್ಲಿ ವಿರಳ ಎಂಬುದೂ ನಿಜ. ಆದ್ದರಿಂದ ಓದಿಸಿದೊಡನೆ ನೌಕರಿ ಖಚಿತವೆಂದು ನಾವು ಭರವಸೆ ನೀಡುವುದಿಲ್ಲ. ತನ್ನ ಇಚ್ಛೆಯ ವಯಸ್ಸಿನಲ್ಲಿ ತಾಯಿಯಾಗುವ, ಮಗುವಿನ ಔಷಧದ ಚೀಟಿಯನ್ನು ತಾನೇ ಓದಿಕೊಳ್ಳುವ ಒಬ್ಬ ಯುವತಿಯನ್ನು ನೋಡಬಹುದೆಂಬ ನಿರೀಕ್ಷೆಗೆ ಮಾತ್ರ ಆಧಾರವಿದೆ, ನಮ್ಮ ದೃಷ್ಟಿಯಲ್ಲಿ ಅದೇನೂ ಸಣ್ಣದಲ್ಲ.

ಘಾನಾ ಸರ್ಕಾರವೇ 2017ರ ಸೆಪ್ಟೆಂಬರ್‌ನಿಂದ ಹಿರಿಯ ಪ್ರೌಢಶಿಕ್ಷಣವನ್ನು ಉಚಿತಗೊಳಿಸಿತು. ಮಕ್ಕಳು ಎಷ್ಟು ಸಂಖ್ಯೆಯಲ್ಲಿ ಬಂದರೆಂದರೆ, ಮರುವರ್ಷವೇ ಅನೇಕ ಶಾಲೆಗಳು ವಿದ್ಯಾರ್ಥಿಗಳನ್ನು ಎರಡು ತಂಡಗಳನ್ನಾಗಿ ಮಾಡಿ ಸರದಿಯ ಮೇಲೆ ಕರೆಸಿಕೊಳ್ಳಬೇಕಾಯಿತು. ಸರ್ಕಾರ ಹೊರಬಹುದಾದ ಹೊರೆಯನ್ನು ಟ್ರಸ್ಟ್‌ಗಳು ಹೊರಲಾರವು ಎಂಬುದನ್ನು ನಾವು ಬಲ್ಲೆವು. ಹಾಗೆ ಹೊರಲು ಸರ್ಕಾರ ಇನ್ನೂ ಮುಂದಾಗದ ಕಡೆಗಳಲ್ಲಷ್ಟೇ ನಮ್ಮ ನಿಧಿಯ ಕೆಲಸ.

ಈ ಅನುಭವದಿಂದಲೇ ನಮ್ಮ ಎರಡು ನಿಯಮಗಳು ರೂಪುಗೊಂಡಿವೆ. ಘಾನಾದಲ್ಲಿ ಮಾಡಿದಂತೆ ಶುಲ್ಕವನ್ನು ನೇರವಾಗಿ ಶಾಲೆಗೇ ಕಟ್ಟುತ್ತೇವೆ. ಎರಡನೆಯದಾಗಿ, ಕೊನೆಯ ಪರೀಕ್ಷೆಯವರೆಗಿನ ಎಲ್ಲ ವರ್ಷಗಳ ಹಣಕ್ಕೆ ಖಾತರಿಯಿಲ್ಲದೆ ಯಾವ ವಿದ್ಯಾರ್ಥಿಯನ್ನೂ ಆರಿಸುವುದಿಲ್ಲ, ಏಕೆಂದರೆ ಒಂದು ವರ್ಷ ಓದಿಸಿ ಕೈಬಿಟ್ಟರೆ ಮಗುವಿಗೆ ಪ್ರಮಾಣಪತ್ರವೂ ಇಲ್ಲ, ಅಷ್ಟರಲ್ಲಿ ದುಡಿದು ತರಬಹುದಾಗಿದ್ದ ಕೂಲಿಯೂ ಇಲ್ಲ. ಹೀಗಾಗಿ ಒಮ್ಮೆ ಕೊಡುವ ದೊಡ್ಡ ಮೊತ್ತಕ್ಕಿಂತ, ಒಬ್ಬ ವಿದ್ಯಾರ್ಥಿಯ ಓದು ಮುಗಿಯುವವರೆಗೆ ವರ್ಷವರ್ಷವೂ ಕೊಡುವ ಚಿಕ್ಕ ಮೊತ್ತದ ಲಿಖಿತ ವಾಗ್ದಾನ ನಮಗೆ ಹೆಚ್ಚು ಉಪಯುಕ್ತ. ಒಬ್ಬರಿಂದಾಗದಿದ್ದರೆ ನಾಲ್ಕಾರು ಮಂದಿ ಸೇರಿ ಒಬ್ಬ ವಿದ್ಯಾರ್ಥಿಯ ಹೊಣೆ ವಹಿಸಿಕೊಳ್ಳಬಹುದು.

ಬರುವ ಶೈಕ್ಷಣಿಕ ವರ್ಷದ ಆಯ್ಕೆಪಟ್ಟಿಯನ್ನು ವಾಗ್ದಾನಗಳು ಕೈಸೇರಿದ ಬಳಿಕವಷ್ಟೇ ಸಿದ್ಧಪಡಿಸುತ್ತೇವೆ. ಪ್ರತಿ ದೇಣಿಗೆಗೂ ರಶೀದಿ ನೀಡಲಾಗುವುದು. ಶಾಲೆಯಿಂದ ಬಂದ ಶುಲ್ಕದ ರಶೀದಿಯ ಪ್ರತಿಯನ್ನು ಪ್ರತಿವರ್ಷ ದಾನಿಗಳಿಗೆ ಕಳುಹಿಸಲಾಗುವುದು. ವಿದ್ಯಾರ್ಥಿಗಳ ಭಾವಚಿತ್ರಗಳನ್ನು ಮಾತ್ರ ಯಾರಿಗೂ ಕಳುಹಿಸುವುದಿಲ್ಲವೆಂಬುದನ್ನು ದಯವಿಟ್ಟು ಮನ್ನಿಸಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿಗಳು, ಪ್ರೌಢಶಿಕ್ಷಣ ನಿಧಿ