ಅಪ್ಪಾ, ಆ ಹಲ್ಲು ಕೀಳಿಸಬೇಡಿ

ಗ್ರೈಫ್ಸ್‌ವಾಲ್ಡ್, ಜರ್ಮನಿ

ಅಪ್ಪ, ಅವ್ವನಿಗೆ ನಮಸ್ಕಾರ.

ನಿಮ್ಮ ದವಡೆ ಹಲ್ಲಿನ ಫಿಲ್ಲಿಂಗ್ ಮತ್ತೆ ಬಿದ್ದಿದೆ, ಈ ಸಲ ಹಲ್ಲನ್ನೇ ಕೀಳಿಸಿಬಿಡುತ್ತೇನೆ ಅನ್ನುತ್ತಿದ್ದೀರಿ ಎಂದು ಅವ್ವ ಫೋನಿನಲ್ಲಿ ಹೇಳಿದಳು. ದಯವಿಟ್ಟು ಬೇಡ ಅಪ್ಪಾ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಫಿಲ್ಲಿಂಗ್ ಬಿದ್ದರೆ ಎಲ್ಲರೂ ಡಾಕ್ಟರನ್ನೇ ಬೈಯುತ್ತಾರೆ. ಆದರೆ ನಿಮಗೆ ಹಾಕಿದ್ದು ಹಲ್ಲಿನ ಬಣ್ಣದ ಕಾಂಪೋಸಿಟ್. ಅದು ನಿಲ್ಲುವುದೇ ಅಂಟಿನ ಬಲದಿಂದ. ಹಲ್ಲಿನ ಮೇಲ್ಪದರ ಎನಾಮಲ್, ತೂಕದಲ್ಲಿ ನೂರಕ್ಕೆ 96ರಷ್ಟು ಖನಿಜ. ಅದಕ್ಕೆ ಫಾಸ್ಫಾರಿಕ್ ಆಸಿಡ್ ಹಚ್ಚಿ ಒರಟು ಮಾಡಿದರೆ ಅಂಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಅಮೆರಿಕದ ದಂತವೈದ್ಯ ಬ್ಯೂನೊಕೋರ್ 1955ರಲ್ಲೇ ತೋರಿಸಿದರು. ತೊಂದರೆ ಇರುವುದು ಒಳಪದರದಲ್ಲಿ, ಡೆಂಟಿನ್‌ನಲ್ಲಿ. ಅಲ್ಲಿ ಖನಿಜದ ಜೊತೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳೂ ನೀರೂ ಇವೆ. ಆಸಿಡ್ ಖನಿಜವನ್ನು ಕರಗಿಸಿದರೆ ಬರೀ ಎಳೆಗಳು ಉಳಿಯುತ್ತವೆ. ಅಂಟು ಅವುಗಳ ಸಂದಿಯಲ್ಲಿ ತಳದವರೆಗೂ ಇಳಿಯಬೇಕು, ಆದರೆ ಪೂರ್ತಿ ಇಳಿಯುವುದಿಲ್ಲ. ಅಂಟು ಮುಟ್ಟದ ಎಳೆಗಳನ್ನು ನೀರು ಮತ್ತು ಹಲ್ಲಿನೊಳಗಿನ ಕಿಣ್ವಗಳು ನಿಧಾನವಾಗಿ ಹಾಳು ಮಾಡುತ್ತವೆ. ಆಮೇಲೆ ಒಂದು ದಿನ ಕಟಕ ರೊಟ್ಟಿ ಕಡಿದಾಗ ಕಿತ್ತು ಬರುತ್ತದೆ, ಅಷ್ಟೇ.

ನಾನಿಲ್ಲಿ ಕೆಲಸ ಮಾಡುತ್ತಿರುವುದು ಈ ಅಂಟಿನ ಜಾಗದ ಮೇಲೆಯೇ. ಅಂಟು ಹಚ್ಚುವ ಮೊದಲು ಹಲ್ಲಿಗೆ ಪ್ಲಾಸ್ಮಾ ತಾಗಿಸಿ ನೋಡುತ್ತೇವೆ. ಇದು ರಕ್ತದ ಪ್ಲಾಸ್ಮಾ ಅಲ್ಲ, ವಿದ್ಯುತ್ ಹಾಯಿಸಿದ ಅನಿಲ. ಬಾಲ್ಟಿಕ್ ಸಮುದ್ರದ ದಂಡೆಯ ಈ ಸಣ್ಣ ಊರಿನಲ್ಲಿ ಪ್ಲಾಸ್ಮಾಗೆಂದೇ ಲೈಬ್ನಿಟ್ಸ್ ಸಂಶೋಧನಾ ಸಂಸ್ಥೆ ಇದೆ. ಗಾಯ ಮಾಯಿಸಲು ಬಳಸುವ ಕೋಲ್ಡ್ ಪ್ಲಾಸ್ಮಾ ಉಪಕರಣಕ್ಕೆ 2013ರಲ್ಲಿ ವೈದ್ಯಕೀಯ ಒಪ್ಪಿಗೆ ಸಿಕ್ಕಿದ್ದೂ ಇಲ್ಲಿಯ ಕೆಲಸದಿಂದಲೇ. ಆರ್ಗಾನ್ ಅನಿಲಕ್ಕೆ ಹೆಚ್ಚು ವೋಲ್ಟೇಜ್ ಕೊಟ್ಟರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಬಿಡಿಸಿಕೊಳ್ಳುತ್ತವೆ, ಅದೇ ಪ್ಲಾಸ್ಮಾ. ನಮ್ಮ ಪಡಸಾಲೆಯ ಟ್ಯೂಬ್‌ಲೈಟಿನೊಳಗೂ ಇರುವುದು ಪ್ಲಾಸ್ಮಾನೇ. ಬಿಸಿ ಇರುವುದು ಹಗುರವಾದ ಎಲೆಕ್ಟ್ರಾನ್‌ಗಳಲ್ಲಿ ಮಾತ್ರ. ಭಾರದ ಪರಮಾಣುಗಳು ತಣ್ಣಗೇ ಇರುತ್ತವೆ. ಹಾಗಾಗಿ ಪೆನ್ನಿನಂಥ ಸಾಧನದ ತುದಿಯಿಂದ ಬರುವ ನೇರಳೆ ಬೆಳಕಿಗೆ ಬೆರಳು ಹಿಡಿದರೂ ಸುಡುವುದಿಲ್ಲ.

ಕಿತ್ತು ಹಾಕಿದ ಹಲ್ಲನ್ನು ತೆಳ್ಳಗೆ ಕೊಯ್ದು, ಆ ಚೂರಿನ ಮೇಲೆ ಒಂದು ಹನಿ ನೀರು ಬಿಡುತ್ತೇವೆ. ಹನಿ ಉಬ್ಬಿಕೊಂಡು ಕೂರುತ್ತದೆ. ಅದೇ ಹಲ್ಲಿನ ಇನ್ನೊಂದು ಚೂರಿಗೆ ಸ್ವಲ್ಪ ಹೊತ್ತು ಪ್ಲಾಸ್ಮಾ ತಾಗಿಸಿ ಹನಿ ಬಿಟ್ಟರೆ, ಸರ್ರನೆ ಹರಡಿ ಚಪ್ಪಟೆಯಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ. ಮೇಲ್ಮೈಯಲ್ಲಿ ಅಂಟಿದ್ದ ಸೂಕ್ಷ್ಮ ಕೊಳೆ ಹೋಗಿ, ಆಮ್ಲಜನಕವಿರುವ ಹೊಸ ಪರಮಾಣು ಗುಂಪುಗಳು ಕೂತಿರುತ್ತವೆ. ನೀರು ಹಾಗೆ ಹರಡುವ ಕಡೆ ಅಂಟೂ ಎಳೆಗಳ ನಡುವೆ ಚೆನ್ನಾಗಿ ಇಳಿಯುತ್ತದೆ.

ಆದರೆ ಜಾಸ್ತಿ ಆಸೆ ಹುಟ್ಟಿಸುವುದೂ ತಪ್ಪು. ಅಮೆರಿಕದ ಮಿಸೌರಿಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 30 ಸೆಕೆಂಡು ಪ್ಲಾಸ್ಮಾ ಕೊಟ್ಟಾಗ ಹೊರಭಾಗದ ಡೆಂಟಿನ್‌ನಲ್ಲಿ ಹಿಡಿತ ಬಹಳ ಹೆಚ್ಚಿತು. ಒಳಭಾಗದಲ್ಲಿ ಹೆಚ್ಚಲಿಲ್ಲ. 5 ನಿಮಿಷ ಕೊಟ್ಟರೆ ಹಿಡಿತ ಕಡಿಮೆಯೇ ಆಯಿತು. ಡೆಂಟಿನ್ ತೀರಾ ಒಣಗಿದರೆ ಎಳೆಗಳು ಕುಸಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಗ ಅಂಟಿಗೆ ದಾರಿಯೇ ಇರುವುದಿಲ್ಲ. ಇದರ ಮೇಲೆ, ಪ್ಲಾಸ್ಮಾ ಕೊಟ್ಟು ಸುಮ್ನೆ ಬಿಟ್ಟರೆ ಅದರ ಗುಣ ಇಳಿಯುತ್ತಾ ಹೋಗುತ್ತದೆ. ಬಾಯಿಯೊಳಗೆ ವರ್ಷಗಟ್ಟಲೆ ಬಾಳುತ್ತದೆಯೇ ಎಂಬುದನ್ನು ಇನ್ನೂ ತೋರಿಸಬೇಕಿದೆ. ಅದು ಬರಲಿ ಎಂದು ನೀವು ಕಾಯಬೇಡಿ.

ನನಗೆ ನಿಜವಾಗಿ ನೆನಪಾಗುವುದು ಹುನಗುಂದ, ಇಳಕಲ್ ಸುತ್ತಲಿನ ಹುಡುಗರ ಹಲ್ಲು. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಕಂದು ಕಲೆ ಬಿದ್ದು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರಲ್ವಾ, ಅವರದ್ದು. ಫ್ಲೋರೋಸಿಸ್ ಆದ ಎನಾಮಲ್‌ಗೆ ಆಸಿಡ್ ಸುಲಭವಾಗಿ ಹತ್ತುವುದಿಲ್ಲ, ಹಾಗಾಗಿ ಮೇಲೆ ಹಾಕಿದ ಕಾಂಪೋಸಿಟ್ ಬೇಗ ಬಿಡುತ್ತದೆ. ಅಂಥ ಹಲ್ಲಿನ ಮೇಲೆ ಪ್ಲಾಸ್ಮಾ ಏನು ಮಾಡುತ್ತದೆ ಎಂದು ನೋಡಲು ನನ್ನ ಗೈಡ್ ಅವರನ್ನು ಒಪ್ಪಿಸುತ್ತಿದ್ದೇನೆ. ಇಲ್ಲಿಯವರ ಬಾಯಲ್ಲಿ ಅಂಥ ಹಲ್ಲು ಸಿಗುವುದೇ ಅಪರೂಪ. ಈ ಪ್ರಶ್ನೆ ನಮ್ಮ ಜಿಲ್ಲೆಯವರೇ ಕೇಳಬೇಕು.

ಈಗ ನಿಮ್ಮ ವಿಷಯ. ಬಾಗಲಕೋಟೆಗೆ ಹೋಗಿ ಎಕ್ಸ್‌ರೇ ತೆಗೆಸಿ. ಬೇರು ಗಟ್ಟಿ ಇದ್ದರೆ ಮತ್ತೆ ತುಂಬಿಸಿಕೊಳ್ಳಿ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಮಾಡಿ ಎಂದು ಕೇಳಿ, ಸಂಕೋಚ ಬೇಡ. ಅಂಟು ಹಚ್ಚುವಾಗ ಎಂಜಲು ತಾಗಿದರೆ ಯಾವ ಅಂಟೂ ನಿಲ್ಲುವುದಿಲ್ಲ. ಗೋಡೆ ತೀರಾ ತೆಳ್ಳಗಿದ್ದರೆ ಕ್ಯಾಪ್ ಹಾಕಿಸಿ, ದುಡ್ಡು ನಾನು ಕಳಿಸುತ್ತೇನೆ.

ಅವ್ವಾ, ಪುಟ್ಟಿಗೆ ಬೋರಿನ ನೀರು ಕುಡಿಸಬೇಡ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಅದರ ಪ್ರಮಾಣ ಏರುತ್ತದೆ. ಅವಳ ದೊಡ್ಡ ಹಲ್ಲುಗಳು ಈಗ ಒಸಡಿನೊಳಗೆ ಬೆಳೆಯುತ್ತಿವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ನೀರನ್ನು ಪರೀಕ್ಷೆಗೆ ಕೊಟ್ಟು, ಎಷ್ಟು ಬಂತು ಎಂದು ನನಗೆ ತಿಳಿಸಿ.

ನಿಮ್ಮ ಮಗಳು